ಪ್ರಮಾದ ಮತ್ತು ಪರಿಮಾರ್ಜನೆ

ಚಿತ್ರದುರ್ಗದ ಏಳು ಸುತ್ತಿನ ಕೋಟೆಯನ್ನು ನೋಡಬಂದವರು ಹೆಬ್ಬಾಗಿಲುಗಳನ್ನು ದಾಟಿ ಒಂದು ಕಿರಿದಾದ ಕಿಂಡಿಯನ್ನು ಹುಡುಕಿಕೊಂಡು ಹೋಗುತ್ತಾರೆ. ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ಅಲ್ಲಿ ನುಸುಳಿದರೆಂದೂ, ಓಬವ್ವ ಒನಕೆಯಿಂದ ಅವರನ್ನು ತಡೆದಳೆಂದೂ ನಾಡಿನ ಜನ ಹೇಳುತ್ತಾ ಬಂದಿದ್ದಾರೆ. ಕಿಂಡಿಯನ್ನು ಶತ್ರುವಿಗೆಂದು ಯಾರೂ ತೆರೆದಿಟ್ಟಿರಲಿಲ್ಲ. ಹಾನಿ ಒಳಹೊಗುವುದು ದ್ವೇಷದಿಂದ ಮಾತ್ರವಲ್ಲ, ಎಚ್ಚರದಪ್ಪಿದಲ್ಲಿಯೂ ಹೌದು. ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಉಮಾಸ್ವಾಮಿಗಳು ಪ್ರಮಾದವನ್ನೇ ಮೊದಲಿಗಿಟ್ಟಿದ್ದಾರೆ.

ಇಂದು ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯಂತಹ ಊರುಗಳಲ್ಲಿಯೂ ಅಂಗಡಿಯ ಲೆಕ್ಕ, ಟ್ರಸ್ಟಿನ ಕಾಣಿಕೆಯ ವಿವರಗಳು ಮೊಬೈಲನ್ನು ಸೇರುತ್ತಿವೆ. ಆಂಡ್ರಾಯ್ಡ್ ಫೋನುಗಳ ಅಂತರಾಳದಲ್ಲಿರುವುದು ಲಿನಕ್ಸ್ ಕರ್ನೆಲ್. ಯಂತ್ರದ ಸ್ಮರಣೆಯಲ್ಲಿ ಯಾರು ಏನನ್ನು ಓದಬಹುದು, ಯಾರು ಎಲ್ಲಿ ಬರೆಯಬಹುದು ಎಂಬುದನ್ನು ನಿರ್ಧರಿಸುವ ಪಾರುಪತ್ಯಗಾರ ಅದು.

ಬಸದಿಯ ಮೂಲ ಕಡತವನ್ನು ಎಲ್ಲರೂ ಓದಬಹುದು, ತಿದ್ದಲಾಗದು ಎಂದು ಭಾವಿಸೋಣ. ತಿದ್ದಿ ನೋಡಬಯಸಿದವನಿಗೆ ಪಾರುಪತ್ಯಗಾರನು ನಕಲೊಂದನ್ನು ಕೊಡುತ್ತಾನೆ. ಅವನು ಬರೆದದ್ದೆಲ್ಲ ನಕಲಿನಲ್ಲೇ ಉಳಿಯುತ್ತದೆ. ಕರ್ನೆಲ್ಲಿನ ಕ್ರಮವೂ ಇದೇ. ಆದರೆ ನಕಲು ಸಿದ್ಧವಾಗಿ ಬರಹ ಬೀಳುವ ಮೊದಲಿನ ಕ್ಷಣದಲ್ಲಿ ಇನ್ನೊಂದು ಕೈ ಆ ನಕಲನ್ನು ತ್ಯಜಿಸಿದರೆ, ಲೇಖನಿ ಮೂಲ ಕಡತದ ಮೇಲೆಯೇ ಇಳಿಯುತ್ತಿತ್ತು. ಹೀಗೆ ಸಾಮಾನ್ಯ ಬಳಕೆದಾರನೊಬ್ಬ ಇಡೀ ಯಂತ್ರಕ್ಕೆ ಒಡೆಯನಾಗಬಹುದಿತ್ತು. 2007ರಿಂದ ಹೊರಬಂದ ಆವೃತ್ತಿಗಳಲ್ಲಿ ಅಡಗಿದ್ದ ಈ ದೋಷ 2016ರ ಅಕ್ಟೋಬರಿನಲ್ಲಿ ‘ಡರ್ಟಿ ಕೌ’ ಎಂಬ ಹೆಸರಿನಿಂದ ಬಹಿರಂಗವಾಯಿತು. ಆಕ್ರಮಣಕ್ಕೊಳಗಾದ ಸರ್ವರ್ ಒಂದನ್ನು ಪರಿಶೀಲಿಸುವಾಗ ಫಿಲ್ ಓಸ್ಟರ್ ಅದನ್ನು ಕಂಡುಹಿಡಿದರು. ಅಷ್ಟರಲ್ಲಿ ದುರುಪಯೋಗ ಆರಂಭವಾಗಿತ್ತೆಂಬುದು ಇದರಿಂದ ಸ್ಪಷ್ಟ.

ಲಿನಕ್ಸ್‌ನ ಜನಕ ಲಿನಸ್ ಟೊರ್ವಾಲ್ಡ್ಸ್ ತಿದ್ದುಪಡಿಯ ಜೊತೆಗೇ ಒಂದು ಸಂಗತಿಯನ್ನು ಬರೆದಿಟ್ಟರು. ಹನ್ನೊಂದು ವರ್ಷಗಳ ಹಿಂದೆ ತಾವೇ ಇದನ್ನು ಸರಿಪಡಿಸಲು ಯತ್ನಿಸಿದ್ದರು. ಆ ಕೆಲಸ ಚೆನ್ನಾಗಿ ಆಗಿರಲಿಲ್ಲ. ಬೇರೊಂದು ಬಗೆಯ ಯಂತ್ರಕ್ಕೆ ತೊಡಕಾದುದರಿಂದ ಅದನ್ನು ಹಿಂತೆಗೆಯಲಾಯಿತು. ಅಂದು ಕೇವಲ ಊಹೆಯ ಮಾತಾಗಿದ್ದ ಅಪಾಯ, ವ್ಯವಸ್ಥೆ ಬೆಳೆದಂತೆ ಸುಲಭಸಾಧ್ಯವಾಯಿತು. ಲೋಕವೆಲ್ಲ ಓದುವ ದಾಖಲೆಯಲ್ಲಿ ಹೀಗೆ ಬರೆಯುವುದಕ್ಕೆ ಧೈರ್ಯ ಬೇಕು. ಗುರುವಿನ ಮುಂದೆ ಮಾಡುವ ಆಲೋಚನೆಯ ಗುಣವೂ ಇದೇ ಅಲ್ಲವೇ?

ಆದರೆ ಒಪ್ಪಿಕೊಂಡ ಮಾತ್ರಕ್ಕೆ ಪರಿಮಾರ್ಜನೆ ಮುಗಿಯುವುದಿಲ್ಲ. 2016ರ ತಿದ್ದುಪಡಿಯಲ್ಲಿಯೂ ಒಂದು ಸಂದು ಉಳಿದಿದ್ದುದು 2017ರ ಕೊನೆಯಲ್ಲಿ ಬೆಳಕಿಗೆ ಬಂತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಟ್ರೆಂಡ್ ಮೈಕ್ರೋ ಸಂಸ್ಥೆ, ಡರ್ಟಿ ಕೌ ದೋಷವನ್ನು ಬಳಸಿ ಆಂಡ್ರಾಯ್ಡ್ ಫೋನುಗಳನ್ನು ಹೊಕ್ಕ ಕುತಂತ್ರಾಂಶವೊಂದನ್ನು ವರದಿ ಮಾಡಿತು. ನಲವತ್ತಕ್ಕೂ ಹೆಚ್ಚು ದೇಶಗಳಲ್ಲಿ ಅದು ಕಂಡುಬಂದಿತ್ತು. ತುತ್ತಾದವರಲ್ಲಿ ಹೆಚ್ಚಿನವರು ಚೀನಾ ಮತ್ತು ಭಾರತದವರು. ಮದ್ದು ಸಿದ್ಧವಾಗಿ ವರ್ಷವಾಗುತ್ತ ಬಂದಿದ್ದರೂ ಅನೇಕ ಫೋನುಗಳಿಗೆ ಅದು ತಲುಪಿರಲಿಲ್ಲ.

ಪ್ರಮಾದ ಮೂರು ಹಂತಗಳಲ್ಲಿ ನೆಲೆಸುತ್ತದೆ: ಮಾಡುವಾಗ, ತಿದ್ದುವಾಗ, ತಿದ್ದಿದ್ದನ್ನು ಸ್ವೀಕರಿಸುವಾಗ. ಮೊದಲೆರಡು ತಂತ್ರಜ್ಞರ ಹೊಣೆಯಾದರೆ ಮೂರನೆಯದು ಪ್ರತಿಯೊಂದು ಮನೆಯ, ಪ್ರತಿಯೊಂದು ಟ್ರಸ್ಟಿನ ಹೊಣೆ. ಫೋನು ಅಪ್‌ಡೇಟ್ ಕೇಳಿದಾಗ ‘ನಾಳೆ’ ಎಂದು ಮುಂದೂಡುವುದು ಸಣ್ಣ ಆಲಸ್ಯದಂತೆ ಕಾಣುತ್ತದೆ. ಆ ಫೋನಿನಲ್ಲಿರುವುದು ಸಮಾಜದ ಹಣವಾದರೆ, ದಾನಿಗಳ ಹೆಸರಾದರೆ, ಆಲಸ್ಯದ ಫಲವನ್ನು ಉಣ್ಣುವವರು ಬೇರೆಯವರು.

ಒಳ್ಳೆಯ ಲೆಕ್ಕಿಗರು ತಪ್ಪಿದ ಅಂಕಿಯನ್ನು ಕೆರೆದು ಅಳಿಸುವುದಿಲ್ಲ. ಅದರ ಮೇಲೆ ಗೆರೆ ಎಳೆದು, ಸರಿಯಾದುದನ್ನು ಬರೆದು, ರುಜು ಹಾಕುತ್ತಾರೆ. ಆಮೇಲೆ ಮೊತ್ತವನ್ನು ಮತ್ತೊಮ್ಮೆ ಕೂಡಿ ನೋಡುತ್ತಾರೆ.