ಹಾಲಕ್ಕಿಯೂ ಕಾಡುಪಾಪವೂ

ತುಮಕೂರು ತಾಲೂಕಿನ ನಾಗವಲ್ಲಿ ಕಾಡುಪಾಪಗಳಿಗೆ ಹೆಸರಾದ ಊರು. ದಟ್ಟ ಕಾಡೇನೂ ಇಲ್ಲ. ಹೊಲ, ತೋಟ, ಬೇಲಿಸಾಲು, ಹುಣಸೆಮರ, ಅಷ್ಟೇ. ಬೇಸಿಗೆ ರಜೆಯಲ್ಲಿ ಮೊಮ್ಮಗಳನ್ನು ಕರೆದುಕೊಂಡು ಹೋಗಿದ್ದೆ. ಜೊತೆಗೆ ಬಂದ ಊರಿನವರು ಟಾರ್ಚಿಗೆ ಕೆಂಪು ಬಣ್ಣದ ಹಾಳೆ ಸುತ್ತಿದ್ದರು. ಬಿಳಿ ಬೆಳಕು ಆ ದೊಡ್ಡ ಕಣ್ಣುಗಳಿಗೆ ಹಿಂಸೆಯಂತೆ.

ಮುಸ್ಸಂಜೆಯಲ್ಲಿ ಮೊದಲು ಕಂಡದ್ದು ಹಾಲಕ್ಕಿ. ಬುಡುಬುಡುಕೆಯವರು ಇದರ ನುಡಿ ಕೇಳಿ ಶಕುನ ಹೇಳುತ್ತಾರಲ್ಲ, ಅದೇ ಚುಕ್ಕೆ ಚುಕ್ಕೆಯ ಪುಟ್ಟ ಗೂಬೆ. ಹುಣಸೆಯ ಪೊಟರೆಯಿಂದ ಹೊರಬಂದು, ನಮ್ಮನ್ನು ನೋಡಿ ತಲೆ ಕುಣಿಸಿ, ಕಿರುಚಿ ಹಾರಿಹೋಯಿತು.

ಕಾಡುಪಾಪಕ್ಕೆ ಬಹಳ ಹೊತ್ತು ಕಾಯಬೇಕಾಯಿತು. ಕೊನೆಗೆ ಜಾಲಿಮರದಲ್ಲಿ ಎರಡು ಕೆಂಡಗಳು ಹೊಳೆದವು.

"ಗೂಬೆಗೆ ಕೈಕಾಲು ಬಂದ ಹಾಗಿದೆ, ತಾತ!" ಎಂದಳು ಮೊಮ್ಮಗಳು.

ನಿಜವೇ. ಎರಡೂ ಹೆಚ್ಚುಕಡಿಮೆ ಗೇಣುದ್ದ. ಎರಡಕ್ಕೂ ಮುಂದಕ್ಕೆ ನೋಡುವ ದುಂಡು ಕಣ್ಣು, ಎರಡಕ್ಕೂ ರಾತ್ರಿಯೇ ಹಗಲು, ಹುಳುಹುಪ್ಪಟೆಯೇ ಮುಖ್ಯ ಊಟ. ಆದರೆ ಗೂಬೆಯ ಕಣ್ಣುಗುಡ್ಡೆ ತಿರುಗುವುದಿಲ್ಲ. ಅದಕ್ಕೇ ಕತ್ತನ್ನು 270 ಡಿಗ್ರಿಯವರೆಗೆ ತಿರುಗಿಸುತ್ತದೆ. ಅದರ ಕತ್ತಿನಲ್ಲಿ 14 ಮೂಳೆ. ಕಾಡುಪಾಪಕ್ಕೆ ನಮ್ಮಂತೆ ಏಳೇ. ಅದು ಕೋತಿಗಳ, ನಮ್ಮೆಲ್ಲರ ದೂರದ ನೆಂಟ. ಆದರೂ ಬಾಲವಿಲ್ಲ, ನೆಗೆಯಲೂ ಬಾರದು. ಒಂದು ಕೈ ಭದ್ರವಾಗಿ ಹಿಡಿದ ಮೇಲೇ ಇನ್ನೊಂದನ್ನು ಬಿಡುತ್ತದೆ. ನಮ್ಮ ಬ್ಯಾಂಕಿನ ಹಳೆಯ ಕ್ಯಾಷಿಯರೊಬ್ಬರು ನೋಟು ಎಣಿಸುತ್ತಿದ್ದುದು ನೆನಪಾಯಿತು, ಅವಸರವೇ ಇಲ್ಲ! ಗೂಬೆ ಮೆತ್ತನೆಯ ಗರಿಗಳಿಂದ ಸದ್ದಿಲ್ಲದೆ ಹಾರಿದರೆ, ಇದು ನಿಧಾನದಿಂದಲೇ ಸದ್ದಿಲ್ಲದೆ ಬೇಟೆ ಹಿಡಿಯುತ್ತದೆ.

ಮನುಷ್ಯರಿಂದ ಪಡುವ ಪಾಡೂ ಒಂದೇ. ಮಾಟ, ವಶೀಕರಣ ಎಂದು ಎರಡನ್ನೂ ಹಿಡಿದು ಕೊಲ್ಲುತ್ತಾರೆ. ದೀಪಾವಳಿ ಬಂತೆಂದರೆ ಗೂಬೆಗಳಿಗೆ ಕಂಟಕ. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರಲ್ಲೇ ಬಂದಿದೆ, ಹಿಡಿದರೆ ಜೈಲು. ಮನೆಗೆ ಕೇಡು ತರುವ ಪ್ರಾಣಿ ಇದಲ್ಲ, ಹುಳು ತಿಂದು ರೈತನಿಗೆ ನೆರವಾಗುವಂಥದ್ದು ಎಂದು ನನ್ನ ವಯಸ್ಸಿನವರೇ ಮೊದಲು ಹೇಳಬೇಕು.

ಊರಿನವರು ಇನ್ನೊಂದು ಮಾತು ಹೇಳಿದರು. ರಸ್ತೆ ಅಗಲ ಮಾಡಲು ಸಾಲುಮರ ಕಡಿದರೆ ಹಾಲಕ್ಕಿ ಹಾರಿ ಆಚೆಗೆ ಹೋದೀತು. ಕಾಡುಪಾಪ ಏನು ಮಾಡಬೇಕು? ಕೊಂಬೆಗೆ ಕೊಂಬೆ ತಾಗದಿದ್ದರೆ ನೆಲಕ್ಕಿಳಿದು ನಡೆಯಲೇಬೇಕು. ಅಲ್ಲಿ ನಾಯಿಗಳಿವೆ, ಲಾರಿಗಳಿವೆ.

ವಾಪಸು ಬರುವಾಗ ಮೊಮ್ಮಗಳು ನಿದ್ದೆ ಮಾಡಲಿಲ್ಲ. ರಸ್ತೆಯ ಮೇಲೆ ಎರಡೂ ಬದಿಯ ಕೊಂಬೆಗಳು ಕೂಡಿರುವ ಜಾಗಗಳನ್ನು ಕಿಟಕಿಯಿಂದ ಎಣಿಸುತ್ತಿದ್ದಳು. ತುಮಕೂರು ಮುಟ್ಟುವಷ್ಟರಲ್ಲಿ ಲೆಕ್ಕ ಹನ್ನೊಂದಕ್ಕೆ ನಿಂತಿತ್ತು.