ಮಳೆಯ ಜೋಕು, ಮಳೆಯ ಲೆಕ್ಕ

"ಆರೆಂಜ್ ಅಲರ್ಟ್ ಬಂತಾ? ಹಾಗಾದ್ರೆ ಹಪ್ಪಳ ಒಣಗಿಸೋಕೆ ಒಳ್ಳೇ ದಿನ!" ಮಳೆಗಾಲದಲ್ಲಿ ಬೊರಿವಲಿಯ ನಮ್ಮ ಕನ್ನಡಿಗರ ವಾಟ್ಸಾಪ್ ಬಳಗದಲ್ಲಿ ಹವಾಮಾನ ಇಲಾಖೆಯ ಭಾರೀ ಮಳೆ ಎಚ್ಚರಿಕೆಯನ್ನು ಗೇಲಿ ಮಾಡುವ ಈ ಜೋಕು ತಪ್ಪುವುದಿಲ್ಲ. ನನಗೂ ಜೋರು ನಗು ಬರುತ್ತದೆ. ಆದರೆ ಮುಂಬಯಿ ಮಳೆಯ ಲೆಕ್ಕ ನಿಜಕ್ಕೂ ಕಷ್ಟದ್ದು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗೆ 944 ಮಿ.ಮೀ. ಸುರಿದರೆ, ಅದೇ ನಗರದ ಕೊಲಾಬಾದಲ್ಲಿ ಬಿದ್ದದ್ದು ಸುಮಾರು 74 ಮಿ.ಮೀ. ಮಾತ್ರ! ಒಂದು ಕಡೆ ಅರಬ್ಬಿ ಸಮುದ್ರ, ಇನ್ನೊಂದು ಕಡೆ ನಮ್ಮ ಬೊರಿವಲಿ ನ್ಯಾಷನಲ್ ಪಾರ್ಕಿನ ಗುಡ್ಡ ಇರುವುದರಿಂದ ಮಳೆ ಒಂದೊಂದು ಕಡೆ ಒಂದೊಂದು ತರಹ. ಡಾಪ್ಲರ್ ರಾಡಾರ್ ಮೋಡದೊಳಗಿನ ಹನಿಗಳ ಚಲನೆ ಹಿಡಿದು ಮುಂದಿನ ಕೆಲವು ಗಂಟೆಗಳ ಸುಳಿವು ಕೊಡಬಲ್ಲದು. ಆದರೆ ಯಾವ ಗಲ್ಲಿಗೆ ಎಷ್ಟು ಮಳೆ ಎಂದು ಹೇಳಲಾರದು. ಜೋಕು ಧಾರಾಳವಾಗಿ ಫಾರ್ವರ್ಡ್ ಮಾಡೋಣ. ಅಲರ್ಟ್ ಇದ್ದ ದಿನ ಮಕ್ಕಳ ಬ್ಯಾಗಿಗೆ ಕೊಡೆ ಹಾಕುವುದನ್ನು ಮಾತ್ರ ಬಿಡುವುದು ಬೇಡ.