ಮುಟ್ಟಿದ ಪುಸ್ತಕದ ಗ್ರೇಡು

ನಮ್ಮವ್ವ ತಂಬಾಕು ಗ್ರೇಡ್ ಮಾಡುತ್ತಿದ್ದಳು. ಪಿರಿಯಾಪಟ್ಟಣ, ಹುಣಸೂರು ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬ್ಯಾರನ್ನಿನಲ್ಲಿ ಬೆಂದು ಬಂದ ಎಲೆಯನ್ನು ಶೆಡ್ಡಿನಲ್ಲಿ ರಾಶಿ ಹಾಕುತ್ತಾರೆ. ಹೆಂಗಸರು ಸುತ್ತ ಕೂತು ಬಣ್ಣ ನೋಡಿ, ಚುಕ್ಕೆ ನೋಡಿ, ಹರುಕು ನೋಡಿ ಬೇರೆ ಬೇರೆ ಮಾಡುತ್ತಾರೆ. ಬ್ರೈಟು, ಮೀಡಿಯಮ್ಮು, ಲೋ ಗ್ರೇಡು. ಹರಾಜಿನಲ್ಲಿ ರೇಟು ಹತ್ತುವುದು ಆ ಗ್ರೇಡಿನ ಮೇಲೆ. ಅವ್ವನ ಕೂಲಿ ಮಾತ್ರ ಯಾವ ಗ್ರೇಡಿಗಾದರೂ ಒಂದೇ. ಎಲೆಯ ಅಂಟು ಕೈಗೆ ಹತ್ತಿ, ರಾತ್ರಿ ಅವಳು ಕಟ್ಟಿದ ಮುದ್ದೆಯೂ ಕಹಿಯಾಗಿರುತ್ತಿತ್ತು. ಅದು ಮುದ್ದೆಯ ರುಚಿಯೇ ಅಂತ ನಾನು ಬಹಳ ದಿನ ತಿಳಿದಿದ್ದೆ.

ಆ ಕೈಯ ಅನ್ನ ಉಂಡ ನಾನು ಈಗ ಅಮೆರಿಕದ ಅಲಬಾಮ ರಾಜ್ಯದ ಮಾಂಟ್ಗೊಮರಿಯಲ್ಲಿದ್ದೇನೆ. ಇಲ್ಲಿ 2005ರಲ್ಲಿ ಹ್ಯುಂಡೈ ಕಾರಿನ ಕಾರ್ಖಾನೆ ಶುರುವಾಯಿತು. ಅದಕ್ಕೆ ಬಿಡಿಭಾಗ ಮಾಡಿಕೊಡುವ ಒಂದು ಕಂಪನಿಯಲ್ಲಿ ನನ್ನದು ಕ್ವಾಲಿಟಿ ಕೆಲಸ. ಗೀರು ಬಿದ್ದಿದೆಯಾ, ಅಳತೆ ತಪ್ಪಿದೆಯಾ ನೋಡಿ ಪಾಸು ಫೇಲು ಮಾಡುವುದು. ಅವ್ವ ಎಲೆ ನೋಡುತ್ತಿದ್ದಳು, ನಾನು ಕಬ್ಬಿಣ ನೋಡುತ್ತೇನೆ, ಅಷ್ಟೇ ವ್ಯತ್ಯಾಸ. ಆದ್ದರಿಂದ ಗ್ರೇಡು ಅಂದರೆ ನನಗೆ ಹೊಸದಲ್ಲ, ಅದರ ಮೇಲೆ ಸುಮ್ಮಸುಮ್ಮನೆ ಸಿಟ್ಟೂ ಇಲ್ಲ. ಆದರೂ ಈ ಮೂರು ತಿಂಗಳಿಂದ ಒಂದು ಹದಿನಾರು ಪುಟದ ಪುಸ್ತಕ ನನ್ನ ನಿದ್ದೆ ಕೆಡಿಸಿದೆ.

ಪುಸ್ತಕ ನನ್ನದಲ್ಲ. ಎದುರು ಮನೆಯ ಅಜ್ಜಿಯದು. ಕಪ್ಪು ಜನ. ಎದುರಿಗೆ ಮ್ಯಾಮ್ ಅನ್ನುತ್ತೇವೆ, ನಮ್ಮ ಮನೆಯೊಳಗೆ ಅಜ್ಜಿ ಅಂತಲೇ. ಹೋದ ಬಿರುಗಾಳಿಗೆ ಅವರ ಮಾಡು ಒಂದು ಕಡೆ ಕಿತ್ತುಕೊಂಡು ಹೋಗಿ, ಅದರ ಮೇಲೆ ನೀಲಿ ಟಾರ್ಪಾಲು ಹೊದ್ದಿಸಿದ್ದಾರೆ. ವಿಮೆಯವರು ಕೊಟ್ಟದ್ದು ಅರ್ಧಕ್ಕೂ ಸಾಲದು. ನಾನು ಸಾಲ ಕೊಡ್ತೀನಿ ಅಂದೆ. "ನೆರೆಮನೆಯವರ ಹತ್ತಿರ ಸಾಲ ಮಾಡಿದರೆ ಆಮೇಲೆ ಬಾಗಿಲು ತೆಗೆಯೋಕೆ ನಾಚಿಕೆ ಆಗ್ತದೆ, ಬೇಡಪ್ಪ" ಅಂದುಬಿಟ್ಟರು. ಒಂದು ದಿನ ಬಿಸ್ಕತ್ತಿನ ಡಬ್ಬದೊಳಗಿಂದ ಬಟ್ಟೆ ಸುತ್ತಿದ ಪುಸ್ತಕ ತೆಗೆದು ನನ್ನ ಕೈಗಿಟ್ಟರು. "ನಿನ್ನ ಮಗ ಹಳೇ ಕಾಮಿಕ್ಸ್ ಮಾರ್ತಾನಂತಲ್ಲ. ಇದಕ್ಕೇನಾದರೂ ಹುಟ್ಟುತ್ತಾ ನೋಡು."

'ಮಾರ್ಟಿನ್ ಲೂಥರ್ ಕಿಂಗ್ ಅಂಡ್ ದ ಮಾಂಟ್ಗೊಮರಿ ಸ್ಟೋರಿ'. 1957ರ ಕೊನೆಗೆ ಫೆಲೋಶಿಪ್ ಆಫ್ ರೀಕನ್ಸಿಲಿಯೇಷನ್ ಅನ್ನುವ ಶಾಂತಿವಾದಿ ಸಂಘ ಅಚ್ಚು ಹಾಕಿಸಿದ ಚಿತ್ರಕಥೆ. ಮುಖಬೆಲೆ ಹತ್ತು ಸೆಂಟು. ಎರಡೂವರೆ ಲಕ್ಷ ಪ್ರತಿ. ಇವು ಚರ್ಚು, ಶಾಲೆ, ಸಂಘಗಳ ಮೂಲಕ ಕೈಯಿಂದ ಕೈಗೆ ಹೋದವು. ಒಳಗಿರುವುದು ಈ ಊರಿನದೇ ಕಥೆ. ಇಲ್ಲಿನ ಸಿಟಿ ಬಸ್ಸಿನಲ್ಲಿ ಮುಂದಿನ ಹತ್ತು ಸೀಟು ಬಿಳಿಯರಿಗೆ ಮೀಸಲು. ಕಪ್ಪು ಜನ ಮುಂಬಾಗಿಲಲ್ಲಿ ದುಡ್ಡು ಕೊಟ್ಟು, ಕೆಳಗಿಳಿದು, ಹಿಂಬಾಗಿಲಲ್ಲಿ ಹತ್ತಬೇಕು. ಅಷ್ಟರಲ್ಲಿ ಎಷ್ಟೋ ಸಲ ಬಸ್ಸು ಹೊರಟೇ ಹೋಗುತ್ತಿತ್ತು. 1955ರ ಡಿಸೆಂಬರ್ 1ರಂದು ರೋಸಾ ಪಾರ್ಕ್ಸ್ ಸೀಟು ಬಿಡಲಿಲ್ಲ, ಅವರನ್ನು ಹಿಡಿದರು. ಆಮೇಲೆ 381 ದಿನ ಇಲ್ಲಿನ ಜನ ಬಸ್ಸು ಹತ್ತದೆ ನಡೆದರು. ಅಜ್ಜಿಯ ತಾಯಿ ಮನೆಗೆಲಸದವರು, ಅವರೂ ನಡೆದರು.

ಪುಸ್ತಕದ ಕೊನೆಯಲ್ಲಿ ಈ ಹೋರಾಟ ಮಾಡುವುದು ಹೇಗೆ ಅಂತ ಹಂತ ಹಂತವಾಗಿ ಬಿಡಿಸಿ ಹೇಳಿದೆ. ಗಾಂಧಿಯವರೂ ಬರುತ್ತಾರೆ. ಅಂಬೇಡ್ಕರ್ ಹೆಸರು ಇಲ್ಲ. ಕುಡಿಯುವ ನೀರಿಗಾಗಿ 1927ರಲ್ಲಿ ಮಹಾಡಿನ ಕೆರೆಗೆ ನಡೆದವರು ಈ ಪುಟಗಳಿಗೆ ನಡೆದು ಬರಲಿಲ್ಲ. ಇರಲಿ, ಅದು ಬೇರೆ ಜಗಳ, ಅಜ್ಜಿಯ ಜೊತೆ ಆಡುವ ಜಗಳವಲ್ಲ.

ಅಜ್ಜಿಯ ಪ್ರತಿಯ ಸ್ಥಿತಿ ಹೇಳಬೇಕು. ನಡುವೆ ನಾಲ್ಕು ಮಡಿಕೆಯ ಗುರುತು. ಅವರಪ್ಪ ಅದನ್ನು ಮಡಿಸಿ ಬೂಟಿನೊಳಗಿಟ್ಟು ಮನೆಗೆ ತಂದದ್ದಂತೆ. ಬೆನ್ನಿಗೆ ಹಿಟ್ಟಿನ ಅಂಟಿನಲ್ಲಿ ಕಾಗದ ಹಚ್ಚಿದೆ. ಪಿನ್ನು ತುಕ್ಕು ಹಿಡಿದಿದೆ. ಹಾಳೆ ಒಣಗಿದ ಹೊಗೆಸೊಪ್ಪಿನ ಬಣ್ಣ. ಹಿಂದಿನ ರಕ್ಷಾಪುಟದ ಮೇಲೆ ಸೀಸದ ಕಡ್ಡಿಯಲ್ಲಿ ಏಳು ಹೆಸರು, ಒಂದರ ಕೆಳಗೆ ಒಂದು. ಒಂದು ಮನೆಯಲ್ಲಿ ಓದಿ ಮುಗಿಸಿದ ಮೇಲೆ ಹೆಸರು ಬರೆದು ಮುಂದಿನ ಮನೆಗೆ ಕೊಡುವುದು. ಏಳು ಮನೆ ಸುತ್ತಿ ವಾಪಸ್ಸು ಬಂದಾಗ ಅಜ್ಜಿಗೆ ಒಂಬತ್ತು ವರ್ಷ.

ಮಗನಿಗೆ ತೋರಿಸಿದೆ. ಅವನು ಮೊದಲು ನನ್ನನ್ನು ಕೈ ತೊಳೆಯಲು ಓಡಿಸಿದ. ಆಮೇಲೆ ಹೇಳಿದ: "ಅಪ್ಪ, ಹೀಗೇ ಮಾರಿದ್ರೆ ಯಾರೂ ನಂಬಲ್ಲ. ಗ್ರೇಡ್ ಮಾಡಿಸಬೇಕು."

ಈ ದಂಧೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಫ್ಲಾರಿಡಾದ ಸರಸೋಟದಲ್ಲಿ ಸಿಜಿಸಿ ಅಂತ ಒಂದು ಕಂಪನಿ ಇದೆ, 2000ದಲ್ಲಿ ಶುರುವಾದದ್ದು. ಆಮೇಲೆ ಬೇರೆಯವರೂ ಬಂದಿದ್ದಾರೆ. ಪುಸ್ತಕ ಕಳಿಸಿದರೆ ಪುಟ ಎಣಿಸುತ್ತಾರೆ, ಕದ್ದು ಮಾಡಿದ ರಿಪೇರಿ ಇದೆಯಾ ನೋಡುತ್ತಾರೆ, ಒಬ್ಬರಲ್ಲ ಹಲವರು ನೋಡಿ ಅಂಕ ಹಾಕುತ್ತಾರೆ. ಅರ್ಧದಿಂದ ಹತ್ತರವರೆಗೆ. ಆಮೇಲೆ ಗಟ್ಟಿ ಪ್ಲಾಸ್ಟಿಕ್ಕಿನ ಪೆಟ್ಟಿಗೆಯಲ್ಲಿ ಮುಚ್ಚಿ, ಮೇಲೆ ಚೀಟಿ ಹಾಕಿ ಕಳಿಸುತ್ತಾರೆ. ಅದಕ್ಕೆ ಸ್ಲ್ಯಾಬ್ ಅನ್ನುತ್ತಾರೆ. ಮಾಮೂಲಿ ಪುಸ್ತಕಕ್ಕೆ ನೀಲಿ ಚೀಟಿ, ರಿಪೇರಿ ಮಾಡಿದ್ದಕ್ಕೆ ನೇರಳೆ. ಪೆಟ್ಟಿಗೆ ಒಡೆದು ಪುಸ್ತಕ ಹೊರತೆಗೆದರೆ ಗ್ರೇಡು ಹೋಯಿತು ಅಂತಲೇ ಲೆಕ್ಕ.

ಇದರಲ್ಲಿ ನ್ಯಾಯ ಇಲ್ಲವೆಂದು ನಾನು ಹೇಳಲಾರೆ. ಮೊದಲು ಮಾರುವವನು ಹೊಸದರಂತಿದೆ ಅಂದರೆ ಕೊಳ್ಳುವವನು ಅದನ್ನೇ ನಂಬಬೇಕಿತ್ತು. ಹರಿದ ಜಾಗಕ್ಕೆ ಬಣ್ಣ ಬಳಿದು ಟೋಪಿ ಹಾಕುವವರಿದ್ದರು. ಮೂರನೆಯವನೊಬ್ಬ ನೋಡಿ ಹೇಳಿದರೆ ಇಬ್ಬರಿಗೂ ಧೈರ್ಯ. ದುಡ್ಡೂ ಸಣ್ಣದಲ್ಲ. 1938ರ ಸೂಪರ್‌ಮ್ಯಾನನ ಮೊದಲ ಪುಸ್ತಕ 'ಆಕ್ಷನ್ ಕಾಮಿಕ್ಸ್', ಎಂಟೂವರೆ ಗ್ರೇಡಿನದು, 2024ರಲ್ಲಿ ಅರವತ್ತು ಲಕ್ಷ ಡಾಲರಿಗೆ ಹರಾಜಾಯಿತು. ಆ ಸೂಪರ್‌ಮ್ಯಾನನನ್ನು ಹುಟ್ಟಿಸಿದ ಸೀಗಲ್, ಶೂಸ್ಟರ್ ಎಂಬ ಇಬ್ಬರು ಹುಡುಗರಿಗೆ ಕಂಪನಿ ಹಕ್ಕೆಲ್ಲ ಬರೆಸಿಕೊಂಡು ಕೊಟ್ಟಿದ್ದು 130 ಡಾಲರು. ಅವ್ವನ ಶೆಡ್ಡಿನ ಲೆಕ್ಕವೇ.

ಮಗ ಅಂದಾಜು ಹೇಳಿದ. ಅಜ್ಜಿಯ ಪುಸ್ತಕಕ್ಕೆ ಹೆಚ್ಚೆಂದರೆ ಒಂದು ಅಂಕ, ಇಲ್ಲದಿದ್ದರೆ ಅರ್ಧ. ಶುಲ್ಕ, ಹೋಗಿ ಬರುವ ಅಂಚೆ, ವಿಮೆ ಎಲ್ಲ ಸೇರಿ ನೂರು ಡಾಲರಿನ ಹತ್ತಿರ ಖರ್ಚು. ಆದರೂ ಈ ಪುಸ್ತಕ ಸಿಕ್ಕುವುದೇ ಅಪರೂಪವಾದ್ದರಿಂದ ಲಾಭವೇ ಅಂದ. ಆಮೇಲೆ, ತಪ್ಪು ಮಾತಾಡ್ತಿದ್ದೀನಿ ಅಂತ ಅವನಿಗೇ ಗೊತ್ತಿದ್ದಂತೆ, ದನಿ ಇಳಿಸಿ ಹೇಳಿದ: "ಕಳಿಸೋಕೆ ಮುಂಚೆ ಶಾಖ ಕೊಟ್ಟು ಮಡಿಕೆ ಚಪ್ಪಟೆ ಮಾಡಿಸಬಹುದು. ಅದನ್ನ ರಿಪೇರಿ ಅನ್ನಲ್ಲ. ಹಿಂದಿನ ಹೆಸರು ಪೆನ್ಸಿಲ್ದು ತಾನೇ? ಒರೆಸಿದ್ರೆ ಹೋಗ್ತದೆ. ಅದೂ ತಪ್ಪಲ್ಲ. ಅರ್ಧ ಪಾಯಿಂಟ್ ಜಾಸ್ತಿ ಬರಬಹುದು."

ನನಗೆ ರೇಗಿತು. ಅವನನ್ನು ಬೈದೆ. ಬೈದ ಮೇಲೆ ಅನ್ನಿಸಿತು, ಇವನದೇನು ತಪ್ಪು? ಕಾರ್ಖಾನೆಯಲ್ಲಿ ನಾನು ದಿನಾ ಮಾಡುವುದೂ ಅದೇ. ಬೆರಳಚ್ಚು ಬಿದ್ದರೆ ಡಿಫೆಕ್ಟು, ಒರೆಸಿ ಕಳಿಸು.

ನನಗೆ ರೇಗಿದ್ದಕ್ಕೆ ಕಾರಣ ಬೇರೆ ಇದೆ.

ಚಿಕ್ಕಂದಿನಲ್ಲಿ ನಮ್ಮೂರ ಅಂಗಡಿಯವರ ಮಗನ ಹತ್ತಿರ ಕನ್ನಡದ ಇಂದ್ರಜಾಲ ಕಾಮಿಕ್ಸ್ ಇದ್ದವು. ಫ್ಯಾಂಟಮನ ಕಥೆ. ಅವನೇನೂ ಕೆಟ್ಟ ಹುಡುಗನಲ್ಲ, ನಮಗೂ ತೋರಿಸಬೇಕು ಅಂತ ಅವನಿಗೆ ಆಸೆ. ಆದರೆ ಕೇರಿ ಹುಡುಗರು ಮುಟ್ಟಿದರೆ ಅವನ ಮನೆಯಲ್ಲಿ ಪುಸ್ತಕ ಒಳಗೆ ಬಿಡುವುದಿಲ್ಲ. ಅದಕ್ಕೆ ಒಂದು ಉಪಾಯ ಮಾಡಿದ್ದ. ಅವನು ಜಗಲಿಯ ಅಂಚಿನಲ್ಲಿ ಕೂತು ಪುಸ್ತಕ ಬಿಡಿಸಿ ನಮ್ಮ ಕಡೆ ತಿರುಗಿಸಿ ಹಿಡಿಯುವನು. ನಾವು ಅಂಗಳದಲ್ಲಿ ನಿಂತು ಕತ್ತು ಎತ್ತಿ ನೋಡುವುದು. "ಆಯ್ತೇನ್ರೋ?" ಅನ್ನುವನು. ನಾವು "ಆಯ್ತು, ತಿರುವಣ್ಣ" ಅನ್ನಬೇಕು. ನಿಧಾನಕ್ಕೆ ಓದುವವನಿಗೆ ಯಾವ ಕಥೆಯೂ ಪೂರಾ ಸಿಕ್ಕಲಿಲ್ಲ. ನಾನೇ ನಿಧಾನಕ್ಕೆ ಓದುವವನು. ಆಮೇಲೆ ಹುಣಸೂರಿನ ಹಾಸ್ಟೆಲ್ಲಿಗೆ ಸೇರಿದೆ. ಅಲ್ಲಿ ರಕ್ಷಾಪುಟವಿಲ್ಲದ ಒಂದು ಫ್ಯಾಂಟಮ್ ಪುಸ್ತಕ ನಲವತ್ತು ಹುಡುಗರ ಕೈಯಲ್ಲಿ ಸುತ್ತುತ್ತಿತ್ತು. ಕೊನೆಯ ಪುಟ ಯಾರೋ ಹರಿದಿದ್ದರು. ಆದರೂ ರಾತ್ರಿ ಚಾಪೆಯ ಮೇಲೆ ಮಲಗಿ ಎದೆಯ ಮೇಲಿಟ್ಟುಕೊಂಡು ಓದಿದ ಸುಖ! ಕಾಡಿನ ಕಪ್ಪು ಜನಕ್ಕೆಲ್ಲ ಒಬ್ಬ ಬಿಳಿ ಯಜಮಾನ ಯಾಕೆ ಬೇಕು ಅನ್ನುವ ಪ್ರಶ್ನೆ ಹೊಳೆದದ್ದು ಬಹಳ ವರ್ಷದ ಮೇಲೆ.

ಮಗ ಇನ್ನೊಂದು ಸಂಗತಿ ಹೇಳಿದ. ಮಾಂಟ್ಗೊಮರಿ ಪುಸ್ತಕದಲ್ಲಿ ಚಿತ್ರಕಾರನ ಹೆಸರಿಲ್ಲ. ಯಾರು ಬರೆದದ್ದೆಂದು ದಶಕಗಳವರೆಗೆ ಯಾರೂ ಗುರುತಿಸಿರಲಿಲ್ಲ. ಈಗ ಅದು ಸೈ ಬ್ಯಾರಿ ಕೈಯದು ಅನ್ನುತ್ತಾರೆ. 1961ರಿಂದ ಮೂವತ್ತಕ್ಕೂ ಹೆಚ್ಚು ವರ್ಷ ಫ್ಯಾಂಟಮನನ್ನು ಬರೆದವನು. ಅಂಗಳದಲ್ಲಿ ಕತ್ತೆತ್ತಿ ನಾನು ನೋಡಿದ್ದೂ, ಅಜ್ಜಿಯ ಅಪ್ಪ ಬೂಟಿನಲ್ಲಿ ತಂದಿದ್ದೂ ಒಂದೇ ಕೈಯ ಗೆರೆ. ನಾನು ಎದ್ದು ಹೋಗಿ ಮತ್ತೊಂದು ಸಲ ಕೈ ತೊಳೆದು ಬಂದು ಪುಟ ತಿರುವಿದೆ.

ಸ್ಲ್ಯಾಬ್ ಅಂದರೆ ನನ್ನ ಕಣ್ಣಿಗೆ ಆ ಜಗಲಿಯೇ ಕಾಣುತ್ತದೆ. ನೋಡಬಹುದು, ಮುಟ್ಟುವಂತಿಲ್ಲ. ಜಗಲಿಯವನು ಪುಟವನ್ನಾದರೂ ತಿರುವುತ್ತಿದ್ದ, ಇದರಲ್ಲಿ ಅದೂ ಇಲ್ಲ. ಗೆಳೆಯರು ಇಲ್ಲಿಗೇ ಅಂಬೇಡ್ಕರ್ ಹೇಳಿದ ಶ್ರೇಣೀಕೃತ ಅಸಮಾನತೆಯ ಮಾತು ಎತ್ತಬಹುದು. ಅದು ಅತಿಯಾಗುತ್ತದೆ. ಗ್ರೇಡು ಕಡಿಮೆ ಹಾಕಿದರೆ ಪುಸ್ತಕಕ್ಕೆ ನೋವಾಗುವುದಿಲ್ಲ, ಯಾರೂ ಅದನ್ನು ಊರಾಚೆ ಇಡುವುದಿಲ್ಲ. ನನ್ನ ತಕರಾರು ಬೇರೆ. ಈ ಪುಸ್ತಕದ್ದೇ ಒಂಬತ್ತು ಪಾಯಿಂಟ್ ಎಂಟು ಗ್ರೇಡಿನ ಪ್ರತಿ ಎಲ್ಲಾದರೂ ಇದ್ದರೆ, ಅದು ಯಾರ ಮನೆಗೂ ಹೋಗದೆ ಕಟ್ಟಿನಲ್ಲೇ ಉಳಿದ ಪ್ರತಿ ಆಗಿರಬೇಕು. ಹಂಚುವುದಕ್ಕೆಂದೇ ಅಚ್ಚಾದ ಪುಸ್ತಕದಲ್ಲಿ ಹಂಚದೆ ಉಳಿದದ್ದು ಮೇಲ್ಜಾತಿ, ಹಂಚಿದ್ದು ಅರ್ಧ ಅಂಕದ್ದು. ನೋಡಿ, ಬೇಡ ಬೇಡ ಅಂದರೂ ಬಾಯಿಗೆ ಅದೇ ಮಾತು ಬಂತು.

ಆದರೆ ಮಾಡು ಸೋರುತ್ತಿರುವುದು ನನ್ನದಲ್ಲ. ಈ ವಿಚಾರವೆಲ್ಲ ನನಗೆ ಬೆಚ್ಚಗೆ ಕೂತು ಮಾಡಲು ಚೆನ್ನ. ನಮ್ಮ ಮನೆಯವಳು ಅದನ್ನೇ ಅಂದಳು: "ನಿಮ್ಮ ಜಗಲಿ ಕಥೆಗೋಸ್ಕರ ಆ ಮುದುಕಿ ಬಕೆಟ್ ಇಟ್ಕೊಂಡು ಮಲಗಬೇಕಾ?" ಪತ್ರಾಗಾರಕ್ಕೆ ಕೊಟ್ಟರೆ ಜೋಪಾನವಾಗಿರುತ್ತದೆ, ಮಾಡಿನ ಖರ್ಚು ಹುಟ್ಟುವುದಿಲ್ಲ. ಗ್ರೇಡು ಇಲ್ಲದೆ ಮಾರಿದರೆ ಕೊಳ್ಳುವವನು ಬಾಯಿಗೆ ಬಂದ ಬೆಲೆ ಕೇಳುತ್ತಾನೆ. ಹೀಗೆ ತಿಂಗಳುಗಟ್ಟಲೆ ಎಣಿಸಿ, ಕೊನೆಗೆ ಅರ್ಜಿಯನ್ನೂ ಪುಸ್ತಕವನ್ನೂ ತಗೊಂಡು ಅಜ್ಜಿಯ ಹತ್ತಿರ ಹೋದೆ. ಒಂದನ್ನೂ ಮುಚ್ಚಿಡದೆ ಹೇಳಿದೆ, ಒರೆಸುವ ವಿಷಯವನ್ನೂ.

ಅಜ್ಜಿ ಕೇಳಿದರು: "ಆ ಚೀಟಿ ಮೇಲೆ ಈ ಏಳು ಹೆಸರು ಹಾಕ್ತಾರಾ?"

"ಇಲ್ಲ ಮ್ಯಾಮ್. ಹಾಕಿದರೆ, ಹಿಂದಿನ ಪುಟದಲ್ಲಿ ಬರಹ ಇದೆ ಅಂತ ಹಾಕಬಹುದು. ಕುಂದು ಅಂತ."

ಅಜ್ಜಿ ಜೋರಾಗಿ ನಕ್ಕರು. "ನನ್ನಪ್ಪ ಕುಂದು" ಅಂದರು. ಆಮೇಲೆ ನಗು ನಿಲ್ಲಿಸಿ ಹೇಳಿದರು: "ಒರೆಸೋದು ಬೇಡ. ಪೆಟ್ಟಿಗೆಗೆ ಹಾಕಲೇಬೇಕಾದರೆ ಕೊಳೆ ಸಮೇತ ಹೋಗ್ಲಿ. ಆದರೆ ಅದಕ್ಕೂ ಮುಂಚೆ ಇನ್ನೊಂದು ಸಲ ಏಳೂ ಮನೆ ಸುತ್ತಲಿ. ಯಾರಾದರೂ ಉಳಿದಿದ್ದರೆ ಓದಲಿ. ನಿನ್ನ ಕಾರಲ್ಲಿ ಕರ್ಕೊಂಡು ಹೋಗ್ತೀಯಾ?"

ಮೂರು ಭಾನುವಾರದಿಂದ ಸುತ್ತುತ್ತಿದ್ದೇವೆ. ಒಂದು ಮನೆ ಇದ್ದ ಜಾಗದಲ್ಲಿ ಈಗ ದೊಡ್ಡ ರಸ್ತೆ. ಇನ್ನೊಂದು ಮನೆಯವರು ಡೆಟ್ರಾಯಿಟ್ ಕಡೆ ಹೋಗಿ ಐವತ್ತು ವರ್ಷವಾಯಿತಂತೆ. ಮೂರನೆಯದರಲ್ಲಿ ಎಂಬತ್ತು ದಾಟಿದ ಹೆಂಗಸೊಬ್ಬರು ಸಿಕ್ಕರು. ಮೂಗಿಗೆ ಆಮ್ಲಜನಕದ ನಳಿಗೆ. ಅಜ್ಜಿಯ ಗುರುತು ಹತ್ತಲಿಲ್ಲ. ನನ್ನ ಮಗ ಮೈಲಾರ್ ಹಾಳೆಯೊಳಗಿಂದ ಪುಸ್ತಕವನ್ನು ಎರಡು ಬೆರಳಲ್ಲಿ ತೆಗೆದು ಅವರ ತೊಡೆಯ ಮೇಲಿಟ್ಟ. ಅವರು ಹಿಂದಿನ ಪುಟ ತಿರುಗಿಸಿ ನಾಲ್ಕನೆಯ ಹೆಸರಿನ ಮೇಲೆ ಬೆರಳಿಟ್ಟರು.

"ಇದು ನಮ್ಮಮ್ಮ. ಅಮ್ಮನಿಗೆ ಬರೆಯೋಕೆ ಬರ್ತಿರಲಿಲ್ಲ. ಈ ಅಕ್ಷರ ನನ್ನದು. ಪುಸ್ತಕ ಪೂರಾ ಓದಿ ಹೇಳಿದ ಮೇಲೆ, ಈಗ ನನ್ನ ಹೆಸರು ಬರಿ ಅಂದಳು."

ಅಜ್ಜಿ ಏನೂ ಮಾತಾಡಲಿಲ್ಲ. ಆ ಹೆಂಗಸು ಹೆಬ್ಬೆರಳನ್ನು ನಾಲಿಗೆಗೆ ತಾಗಿಸಿಕೊಂಡು, ಎಂಜಲು ಬೆರಳಲ್ಲೇ ಮೊದಲ ಪುಟ ತಿರುವಿ, ಗಟ್ಟಿಯಾಗಿ ಓದಲು ಶುರು ಮಾಡಿದರು. ಮಗ ನನ್ನ ಮುಖ ನೋಡಿದ. ನಾನು ಸುಮ್ಮನಿರು ಅಂತ ಸನ್ನೆ ಮಾಡಿದೆ. ಅವನು ಕುರ್ಚಿ ಎಳೆದುಕೊಂಡು ಅವರ ಪಕ್ಕಕ್ಕೆ ಕೂತ.

ಇನ್ನೂ ನಾಲ್ಕು ಹೆಸರು ಬಾಕಿ ಇವೆ. ಅರ್ಜಿ ನಮ್ಮ ಊಟದ ಮೇಜಿನ ಮೇಲೆ ಉಪ್ಪಿನ ಡಬ್ಬಿಯ ಕೆಳಗಿದೆ, ಪುಸ್ತಕದ ಬೆಲೆ ಎಷ್ಟೆಂದು ಮಾಲೀಕರು ಬರೆಯಬೇಕಾದ ಜಾಗ ಖಾಲಿ. ಈ ವಾರ ಮಳೆ ಅಂತ ರೇಡಿಯೋದವರು ಹೇಳುತ್ತಿದ್ದಾರೆ.